ಪುಕ್ಕಟೆ ತಂತಿ

ಆ ಹೋಟೆಲಿನಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆ ಅವಳದು. ಹರಿದ ಹಾಸುಬಟ್ಟೆ, ಅಂಚು ಬಿಟ್ಟ ಟವೆಲು, ಗುಂಡಿ ಕಳಚಿದ ಸಮವಸ್ತ್ರ, ಯಾರೋ ಅತಿಥಿ ಸಿಗರೇಟಿನಿಂದ ತೂತು ಮಾಡಿ ಏನೂ ಅರಿಯದವನಂತೆ ಹೊರಟುಹೋದ ಪರದೆ, ಎಲ್ಲವೂ ಅವಳ ಮೇಜಿಗೇ ಬರುತ್ತಿದ್ದವು. ವಾರವೆಲ್ಲ ಹೀಗೆ ತಲೆ ತಗ್ಗಿಸಿ ಹೊಲಿದವಳು ಶನಿವಾರ, ಭಾನುವಾರದ ಸಂಜೆ ಅದೇ ಹೋಟೆಲಿನ ಮೇಲಿನ ಹಜಾರದಲ್ಲಿ ಕಪ್ಪು ಉಡುಪು ತೊಟ್ಟು, ಚಹಾ ಕುಡಿಯುವವರ ನಡುವೆ ಕೂತು ಹಾರ್ಪ್ ನುಡಿಸುತ್ತಿದ್ದಳು. ಕೆಳಗೆ ಬೆಳಗ್ಗೆ ಅವಳ ಕೈಗೆ ಕೋಟು ಎಸೆದು ಹೋದ ಮನುಷ್ಯ ಸಂಜೆ ಮೇಲೆ ಬಂದು ಅವಳಿಗೆ ತಲೆಬಾಗಿ ವಂದಿಸುತ್ತಿದ್ದ. ಅವನಿಗೆ ಇವಳು ಅವಳೇ ಎಂದು ಗೊತ್ತಾಗುತ್ತಿರಲಿಲ್ಲ. ಅವಳಿಗೆ ಮಾತ್ರ ಒಳಗೊಳಗೇ ನಗು.

ಹಾರ್ಪ್ ಎಂದರೆ ಬಾಗಿದ ಮರದ ಚೌಕಟ್ಟಿಗೆ ಮೇಲಿಂದ ಕೆಳಗೆ ಸಾಲಾಗಿ ತಂತಿ ಬಿಗಿದು, ಭುಜಕ್ಕೆ ಒರಗಿಸಿಕೊಂಡು ಎರಡೂ ಕೈಯಿಂದ ಮೀಟುವ ವಾದ್ಯ. ದೊಡ್ಡ ವಾದ್ಯವೃಂದಗಳಲ್ಲಿ ಇರುವುದು ಆಳೆತ್ತರದ, ಇಬ್ಬರು ಹಿಡಿದು ಎತ್ತಬೇಕಾದ ಹಾರ್ಪ್. ಸೂಜಿಯಕ್ಕನದು ಎದೆಮಟ್ಟದ ಚಿಕ್ಕ ಹಾರ್ಪ್. ತಂತಿಗಳ ಬುಡ ಕಚ್ಚಿಕೊಂಡಿರುವ ಮುಂದಿನ ಹಲಗೆ ತೀರ ತೆಳು; ನಾದವೆಲ್ಲ ಹುಟ್ಟುವುದು ಅಲ್ಲಿಂದ. ಈ ವಾದ್ಯದ ಹಣೆಬರಹವೇ ವಿಚಿತ್ರ. ಮೂಲೆಯಲ್ಲಿ ಸುಮ್ಮನೆ ನಿಂತಿದ್ದಾಗಲೂ ಅದರ ತಂತಿಗಳು ಅದರ ಹಲಗೆಯನ್ನೇ ಕಿತ್ತು ತೆಗೆಯಲು ಎಳೆಯುತ್ತಿರುತ್ತವೆ.

ಊರಿನ ಸಂಗೀತ ಶಾಲೆಯೊಂದಕ್ಕೆ ಪರದೆ ಹೊಲಿದುಕೊಡಲು ಹೋದವಳು ಅಲ್ಲಿ ಹಾರ್ಪ್ ಕಲಿಸುತ್ತಿದ್ದ ಟೀಚರ್ ಕೈಗೆ ಸಿಕ್ಕಿಬಿದ್ದಿದ್ದಳು. ಕಿಟಕಿ ಅಳೆಯುವುದು ಬಿಟ್ಟು ಬಾಯಿ ತೆರೆದು ನಿಂತವಳನ್ನು ಕಂಡು ಆ ಟೀಚರ್, "ನಿಂತು ನೋಡಿದ್ರೆ ಏನ್ ಬರುತ್ತೆ? ಬಾ, ಕೂತ್ಕೋ" ಎಂದಿದ್ದರು. ಅಂದಿನಿಂದ ವಾರಕ್ಕೊಂದು ಪಾಠ, ಫೀಸು ಕೊಟ್ಟಾಗ ಕೊಟ್ಟಷ್ಟು. ಕೆಲವು ವರ್ಷದ ಮೇಲೆ ಶಾಲೆ ಬಾಗಿಲು ಮುಚ್ಚಿ ಸಾಮಾನು ಮಾರತೊಡಗಿದಾಗ, ಫ್ರಿಜ್ ಕೊಳ್ಳಲೆಂದು ಕೂಡಿಟ್ಟ ಹಣ ಹಿಡಿದು ಹೊರಟಿದ್ದ ಸೂಜಿಯಕ್ಕ ಅಲ್ಲಿದ್ದ ಚಿಕ್ಕ ಹಾರ್ಪಿನ ಮುಂದೆ ನಿಂತಳು. ಮನೆಗೆ ಫ್ರಿಜ್ ಬರಲಿಲ್ಲ, ಹಾರ್ಪ್ ಬಂತು. ಬ್ರೆಡ್ ಕಂಪನಿಯ ವ್ಯಾನ್ ಓಡಿಸುವ ಗಂಡ ಬಾಗಿಲಲ್ಲೇ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿ, "ಇದರಲ್ಲಿ ಹಾಲು ಎಲ್ಲಿಡ್ತೀಯ?" ಎಂದು ಕೇಳಿದ್ದ.

ಕೊಳ್ಳುವಾಗಿನ ಬೆಲೆ ಬೆಲೆಯೇ ಅಲ್ಲ, ಅದು ಬರೀ ಮುಂಗಡ ಎಂಬುದು ಆಮೇಲೆ ತಿಳಿಯಿತು. ಎಲ್ಲರೂ ನುಡಿಸುವ ವಾದ್ಯವಾದರೆ ಮೂಲೆಯಂಗಡಿಯಲ್ಲೂ ಸಾಮಾನು ಸಿಗುತ್ತದೆ, ಚೌಕಾಶಿಯನ್ನೂ ಮಾಡಬಹುದು. ಊರಿಗೆಲ್ಲ ನಾಲ್ಕೇ ಜನ ನುಡಿಸುವ ವಾದ್ಯಕ್ಕೆ ಅಂಗಡಿಯವನು ಹೇಳಿದ್ದೇ ದರ. ತಂತಿ ಬಿಗಿಯುವ ಬಿರಡೆಗಳನ್ನು ತಿರುಗಿಸುವ ಅಂಗೈಯುದ್ದದ ಕೀಲಿಗೆ ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆ. ಸಾಗಿಸುವ ಗಾಡಿಗೆ ಸೈಕಲ್ಲಿನ ಬೆಲೆ. ಹೊದಿಸುವ ಚೀಲದ ಬೆಲೆ ಕೇಳಿ ಸೂಜಿಯಕ್ಕ ಅಂಗಡಿಯಲ್ಲೇ ನಕ್ಕುಬಿಟ್ಟಿದ್ದಳು, ಅಂಗಡಿಯವನು ನಗಲಿಲ್ಲ. ಚೀಲವನ್ನು ಅವಳೇ ಹೋಟೆಲಿನ ಹಳೆಯ ಕಂಬಳಿ ಮಡಿಸಿ ಹೊಲಿದಳು. ಗ್ಯಾಸ್ ಸಿಲಿಂಡರ್ ಸಾಗಿಸುವ ಗಾಡಿಗೆ ಗಂಡ ರಬ್ಬರು ಸುತ್ತಿ ಹಾರ್ಪಿನ ಗಾಡಿ ಮಾಡಿಕೊಟ್ಟ. "ಆನೆ ಸಾಕಬಹುದು ಕಣೇ. ಅದು ಸೊಪ್ಪಾದ್ರೂ ತಿನ್ನುತ್ತೆ. ಇದು ದುಡ್ಡು ಬಿಟ್ಟು ಬೇರೇನೂ ತಿನ್ನಲ್ಲ" ಎನ್ನುತ್ತಲೇ ಮಾಡಿಕೊಟ್ಟ.

ಆದರೆ ತಂತಿಯನ್ನು ಕಂಬಳಿಯಿಂದ ಹೊಲಿಯಲಾಗುವುದಿಲ್ಲವಲ್ಲ. ಅದು ಕುರಿಯ ಕರುಳಿನಿಂದ ಹೊಸೆದ ತಂತಿ, ದೂರದಿಂದ ತರಿಸಬೇಕು. ಎರಡನೆಯ ವರ್ಷ ಒಂದರ ಹಿಂದೊಂದು ಹರಿಯತೊಡಗಿದಾಗ ಒಂದು ತಂತಿಗೆ ಒಂದು ವಾರದ ದಿನಸಿಯ ಖರ್ಚು ಬಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ದಿನವೂ ಹಾಸುಬಟ್ಟೆ ಹೊಲಿಯುವವಳಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಾರಿಬಿಡುತ್ತೇನೆ ಎಂದು ಟೀಚರ್ ಮುಂದೆ ಅತ್ತಳು.

ಟೀಚರ್ ಊರಿನ ವಾದ್ಯವೃಂದದಲ್ಲಿ ದೊಡ್ಡ ಹಾರ್ಪ್ ನುಡಿಸುವವರು, ನಲವತ್ತು ವರ್ಷದಿಂದ ಅದನ್ನೇ ನುಡಿಸಿದವರು. ಪ್ರತಿ ವರ್ಷ ಕಛೇರಿಗಳು ಶುರುವಾಗುವ ಮುಂಚೆ ತಮ್ಮ ಹಾರ್ಪಿಗೆ ಹೊಸ ತಂತಿ ಹಾಕಿಸುತ್ತಿದ್ದರು. ಬಿಚ್ಚಿದ ಹಳೆಯವನ್ನು ಸುರುಳಿ ಸುತ್ತಿ ಅವಳ ಕೈಗಿಟ್ಟು, "ಇನ್ನೂ ಜೀವ ಇದೆ ಕಣೇ ಇವಕ್ಕೆ. ಬಿಸಾಡೋಕೆ ಮನಸ್ಸು ಬರಲ್ಲ. ತಗೊಂಡು ಹೋಗು" ಎಂದರು. ಅಲ್ಲಿಂದ ಮುಂದೆ ಯಾವ ತಂತಿ ಹರಿದರೂ ಚಿಂತೆಯಿರಲಿಲ್ಲ. ಟೀಚರ್ ಮನೆಯ ಸುರುಳಿಯಲ್ಲಿ ಅದಕ್ಕೊಂದು ಜೋಡಿ ಸಿಕ್ಕೇ ಸಿಗುತ್ತಿತ್ತು. ಒಂದೊಂದಾಗಿ ಎಲ್ಲವೂ ಬದಲಾದವು. ಚಿಕ್ಕ ಹಾರ್ಪಿನ ದನಿಯೂ ತುಂಬಿಕೊಂಡಿತು. ಹೋಟೆಲಿನ ಮ್ಯಾನೇಜರನೇ ಅದನ್ನು ಗಮನಿಸಿ ಹೊಗಳಿದ. ಟೀಚರಿಗಂತೂ ಹೆಮ್ಮೆ. "ಕಣ್ಮುಚ್ಚಿ ಕೇಳಿದ್ರೆ ನಂದೇ ಅನ್ಸುತ್ತೆ" ಎನ್ನುತ್ತಿದ್ದರು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ಎಣಿಸಬೇಕಿತ್ತು ಎಂಬುದು ಅವಳಿಗೆ ಏಳು ವರ್ಷವಾದ ಮೇಲೆ ಗೊತ್ತಾಯಿತು.

ಒಂದು ರಜೆಯ ಮಧ್ಯಾಹ್ನ ಅವಳು ಇಸ್ತ್ರಿ ಮಾಡುತ್ತಿದ್ದಾಗ ಮೂಲೆಯಿಂದ 'ಟಕ್' ಎಂದಿತು. ತಂತಿ ಹರಿದರೆ ಚಾಟಿ ಬೀಸಿದ ಸದ್ದು ಬರುತ್ತದೆ, ಇದು ಹಾಗಿರಲಿಲ್ಲ. ಯಾರೋ ಒಳಗೆ ಕೂತು ಬೆರಳಿನ ನೆಟಿಕೆ ಮುರಿದಂತಿತ್ತು. ತಂತಿಗಳೆಲ್ಲ ಸರಿಯಾಗಿದ್ದವು. ಹಲಗೆಯ ಮೇಲೆ ಕೈಯಾಡಿಸಿದಾಗ ನಡುವೆ ಉಬ್ಬು ಸಿಕ್ಕಿತು. ಬಟ್ಟೆ ಅಳೆಯುವ ಉಕ್ಕಿನ ಸ್ಕೇಲು ತಂದು ಅಡ್ಡ ಇಟ್ಟಳು. ಸ್ಕೇಲು ನಡುವೆ ಮಾತ್ರ ತಾಗಿ ಎರಡೂ ಬದಿಗೆ ಓಲಾಡಿತು. ಅದರ ತುದಿಯ ಅಡಿಯ ಸಂದಿಗೆ ಹಾಸುಬಟ್ಟೆಯ ತುಂಡು ಮಡಿಸಿ ತೂರಿಸಿದಳು. ಎರಡು ಮಡಿಕೆ ಹಿಡಿಯಿತು.

ಅಂದಿನಿಂದ ಅವಳಿಗೆ ನೆಮ್ಮದಿ ಎಂಬುದಿಲ್ಲ. ಬೆಳಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಸ್ಕೇಲು, ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆ ಸ್ಕೇಲು. ಒಲೆಯ ಮೇಲೆ ಪಾತ್ರೆ ಸಿಡಿದರೂ ಬೆಚ್ಚುತ್ತಿದ್ದಳು. ಎರಡು ಮಡಿಕೆ ಮೂರಾಯಿತು, ಒಂದು ಚಳಿಯ ದಿನ ಮತ್ತೆ ಎರಡಕ್ಕೆ ಇಳಿಯಿತು, ಅವಳು ಖುಷಿಯಲ್ಲಿ ಗಂಡನಿಗೆ ಸಿಹಿ ತಂದಳು, ಮರುದಿನ ನಾಲ್ಕಾಯಿತು. ಹಾರ್ಪ್ ಹೋದರೆ ತಾನು ವಾರದ ಏಳೂ ದಿನ ನೆಲಮಾಳಿಗೆಯವಳು, ಸಾಯುವ ತನಕ ನೆಲಮಾಳಿಗೆಯವಳು ಎಂಬ ಯೋಚನೆ ಬಂದಾಗಲೆಲ್ಲ ಎದ್ದುಹೋಗಿ ಮತ್ತೊಮ್ಮೆ ಸ್ಕೇಲು ಇಡುತ್ತಿದ್ದಳು.

"ಏನೇ ಅದಕ್ಕೆ ಜ್ವರವಾ?" ಗಂಡ ಕೇಳಿದ. "ಹೊತ್ತುಹೊತ್ತಿಗೂ ಹಣೆ ಮುಟ್ಟಿ ನೋಡ್ತಿದ್ದೀಯ."

"ನಿಮಗೆಲ್ಲ ತಮಾಷೆ" ಎಂದು ಸಿಡುಕಿದವಳು ಅಲ್ಲೇ ಕುಸಿದು ಕೂತು ಎಲ್ಲ ಹೇಳಿಬಿಟ್ಟಳು.

ಹಾರ್ಪ್ ರಿಪೇರಿ ಮಾಡುವವರು ಆ ಸೀಮೆಯಲ್ಲೇ ಯಾರೂ ಇರಲಿಲ್ಲ. ವರ್ಷಕ್ಕೊಮ್ಮೆ ದೂರದ ನಗರದಿಂದ ಒಬ್ಬರು ಬರುತ್ತಿದ್ದರು. ಅವರ ರೈಲಿನ ಖರ್ಚು, ವಸತಿ, ಕೂಲಿ ಎಲ್ಲವನ್ನೂ ಹಾರ್ಪ್ ಇದ್ದವರು ಹಂಚಿಕೊಂಡು, ಟೀಚರ್ ಮನೆಗೇ ತಮ್ಮ ತಮ್ಮ ವಾದ್ಯ ತಂದು ತೋರಿಸಿಕೊಳ್ಳುವುದು ವಾಡಿಕೆ. ಸೂಜಿಯಕ್ಕ ಒಂದು ವರ್ಷವೂ ಹೋಗಿರಲಿಲ್ಲ. ನುಡಿಯುವ ವಾದ್ಯವನ್ನು ದುಡ್ಡು ಕೊಟ್ಟು ಯಾಕೆ ತೋರಿಸುವುದು ಎಂದು ಪ್ರತಿ ಸಲವೂ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಈ ಸಲ ತನ್ನ ಪಾಲು ಮೊದಲೇ ಕೊಟ್ಟುಬಂದಳು.

ಬ್ರೆಡ್ಡಿನ ವ್ಯಾನಿನಲ್ಲಿ ಹಾರ್ಪ್ ನಿಲ್ಲಿಸಿ, ತಾನು ಅದನ್ನು ತಬ್ಬಿಕೊಂಡು ಹಿಂದೆಯೇ ಕೂತಳು. ದಾರಿಯುದ್ದಕ್ಕೂ "ಮೆಲ್ಲಗೆ ರೀ, ಮೆಲ್ಲಗೆ ರೀ" ಎಂಬ ಜಪ. "ಮೊಟ್ಟೆ ತುಂಬ್ಕೊಂಡು ಹೋಗುವಾಗಲೂ ಇಷ್ಟು ಮೆಲ್ಲಗೆ ಓಡ್ಸಿಲ್ಲ ಕಣೇ, ಹಿಂದಿನೋರು ಹಾರ್ನ್ ಹೊಡೆದು ಹೊಡೆದು ಸಾಯ್ತಿದಾರೆ" ಎಂದ ಗಂಡ. ಆದರೂ ಮೆಲ್ಲಗೆಯೇ ಓಡಿಸಿದ.

ರಿಪೇರಿಯವರು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿಕೊಂಡ, ನಗುವಿಗೂ ಕೂಲಿ ಕೇಳುವಂತಿದ್ದ ಮನುಷ್ಯ. ಹಾರ್ಪಿನ ಬೆನ್ನಿನ ತೂತಿನೊಳಗೆ ಪುಟ್ಟ ಕನ್ನಡಿ, ಪುಟ್ಟ ದೀಪ ಇಳಿಸಿ ನೋಡಿದರು. ಹಲಗೆಯನ್ನು ಬೆರಳ ಗಂಟಿನಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ಕೊನೆಗೆ ಒಂದು ತಂತಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೇಲಿಂದ ಕೆಳಗೆ ಸವರಿದವರು ಹಾಗೇ ನಿಂತುಬಿಟ್ಟರು.

"ಈ ತಂತಿ ಯಾರು ಹಾಕಿದ್ದು?"

"ನಾನೇ ಸರ್."

"ಎಲ್ಲಿಂದ ತಂದಿದ್ದು? ಇವೆಲ್ಲ ದೊಡ್ಡ ಹಾರ್ಪಿನ ತಂತಿ ಕಣಮ್ಮ. ಇವುಗಳ ದಪ್ಪ ಬೇರೆ, ಬಿಗಿ ಬೇರೆ. ದೊಡ್ಡದಕ್ಕೆ ಹಲಗೆ ಗಟ್ಟಿ ಇರುತ್ತೆ, ತಡ್ಕೊಳ್ಳುತ್ತೆ. ಇದು ತೆಳು ಹಲಗೆ. ಇದಕ್ಕೆ ಅಂತಲೇ ಸಣ್ಣ ತಂತಿ ಬರುತ್ತೆ. ಇಷ್ಟು ವರ್ಷ ಇದರ ಮೈಮೇಲೆ ಎರಡಾಳಿನ ಭಾರ ಹೊರಿಸಿದ್ದೀರಿ."

ಸೂಜಿಯಕ್ಕ ಆ ತಂತಿಯನ್ನು ತಾನೂ ಬೆರಳ ನಡುವೆ ಹಿಡಿದು ನೋಡಿದಳು. ತೆಳು ಬಟ್ಟೆಗೆ ದಪ್ಪ ದಾರ ಹಾಕಿ ಹೊಲಿದರೆ ಹೊಲಿಗೆ ನಿಲ್ಲುತ್ತದೆ, ಬಟ್ಟೆ ಸುಕ್ಕುಗಟ್ಟಿ ಒಂದು ದಿನ ಹರಿಯುತ್ತದೆ. ಇದನ್ನು ಹೊಸದಾಗಿ ಕೆಲಸಕ್ಕೆ ಬಂದ ಎಷ್ಟು ಹುಡುಗಿಯರಿಗೆ ಅವಳೇ ಬೈದು ಕಲಿಸಿದ್ದಳು. ಪುಕ್ಕಟೆ ಸಿಕ್ಕಿತು ಎಂದು ತನ್ನ ಕಸುಬಿನ ಮೊದಲ ಪಾಠವನ್ನೇ ಮರೆತಿದ್ದಳು.

ತಲೆಯೆತ್ತಿದಾಗ ಅಡಿಗೆಮನೆಯ ಬಾಗಿಲಲ್ಲಿ ಟೀಚರ್ ನಿಂತಿದ್ದರು, ಕೈಯಲ್ಲಿ ಚಹಾದ ತಟ್ಟೆ. ಎಲ್ಲ ಕೇಳಿಸಿಕೊಂಡಿದ್ದರು. ನಲವತ್ತು ವರ್ಷ ದೊಡ್ಡ ಹಾರ್ಪಿನ ತಂತಿ ಬಿಟ್ಟು ಬೇರೊಂದನ್ನು ಕೊಳ್ಳದ ಆ ಹೆಂಗಸಿಗೆ ಇದು ಗೊತ್ತಿರಲಿಲ್ಲ ಎಂಬುದು ಅವರ ಬಿಳುಚಿದ ಮುಖದಲ್ಲೇ ಬರೆದಿತ್ತು. ಆ ಮುಖ ನೋಡಲಾರದೆ ಸೂಜಿಯಕ್ಕನ ಬಾಯಿಂದ ಸುಳ್ಳು ಹೊರಬಿತ್ತು.

"ಹಳೇ ಸಾಮಾನಿನ ಅಂಗಡೀಲಿ ಸಿಕ್ತು ಸರ್. ಅಗ್ಗಕ್ಕೆ."

"ಅದೇ ಅನ್ಕೊಂಡೆ" ಎಂದರು ರಿಪೇರಿಯವರು. ಆಮೇಲೆ ಶುರುವಾಯಿತು ನೋಡಿ, ಆ ಮನುಷ್ಯನ ಬಾಯಿಗೆ ಬಿಗಿ ಹಾಕುವ ಬಿರಡೆಯೇ ಇರಲಿಲ್ಲ. ದುಡ್ಡಿಲ್ಲದವರು ಇಂಥ ವಾದ್ಯಕ್ಕೆ ಕೈ ಯಾಕೆ ಹಾಕಬೇಕು, ಗೊತ್ತಿಲ್ಲದಿದ್ದರೆ ಕೇಳಬೇಕು, ಬಾಯಿಲ್ಲದ ಮರಕ್ಕೆ ಹೀಗೆ ಮಾಡುವುದು ಪಾಪ. ಸೂಜಿಯಕ್ಕ ತಲೆ ತಗ್ಗಿಸಿ ಕೇಳುತ್ತಿದ್ದಳು. ಈಗ ಟೀಚರ್ ಏನಾದರೂ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದಳು. ಟೀಚರ್ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದಾಯಿತು.

"ಸಕ್ಕರೆ ಎಷ್ಟು ಹಾಕ್ಲಿ ನಿಮಗೆ?" ಎಂದು ರಿಪೇರಿಯವರನ್ನು ಕೇಳಿದರು.

ತಂತಿಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಬಿಚ್ಚಲಾಯಿತು. ಹೊಸ ಹಲಗೆ ಹಾಕಿಸುವ ಖರ್ಚು ಹಾರ್ಪಿನ ಬೆಲೆಗಿಂತ ಹೆಚ್ಚು. ಉಳಿದ ದಾರಿ ಒಂದೇ, ಸರಿಯಾದ ಸಣ್ಣ ತಂತಿಗಳ ಪೂರ್ತಿ ಸೆಟ್ ತರಿಸಿ ಹಾಕಿ ನೋಡುವುದು. ಅದಕ್ಕೆ ಅವಳ ಒಂದು ತಿಂಗಳ ಸಂಬಳ ಪೂರ್ತಿ ಹೋಗುತ್ತದೆ. "ಹಾಕುವಾಗಲೇ ಒಡೆದರೂ ಒಡೀಬಹುದು. ನಿಂತರೆ ನಿಮ್ಮ ಅದೃಷ್ಟ" ಎಂದರು ರಿಪೇರಿಯವರು.

ವಾಪಸು ಬರುವಾಗ ಗಂಡ ಕುದಿಯುತ್ತಿದ್ದ. "ಕೊಟ್ಟೋರು ಅವರು, ಬೈಸ್ಕೊಂಡೋಳು ನೀನು, ಕಳ್ಕೊಳ್ಳೋರು ನಾವು! ಗಾಡಿ ತಿರುಗಿಸ್ತೀನಿ, ಒಂದು ಮಾತು ಕೇಳಿ ಬರ್ತೀನಿ."

"ಬೇಡ ರೀ. ಅವರು ಕೊಡದೆ ಇದ್ದಿದ್ರೆ ಎರಡನೇ ವರ್ಷಕ್ಕೇ ಇದನ್ನ ಮಾರ್ತಿದ್ದೆ. ಇಷ್ಟು ವರ್ಷ ನುಡಿಸಿದ್ದೇ ಅವರಿಂದ."

ಹಾಗೆಂದಳು, ಅದು ನಿಜವೂ ಹೌದು. ಆದರೆ ಅವಳನ್ನು ಚುಚ್ಚುತ್ತಿದ್ದುದು ತಂತಿಯಲ್ಲ, ಆ ಸಕ್ಕರೆಯ ಮಾತು. ತಾನಾಗಿ ಹೊತ್ತುಕೊಂಡ ತಪ್ಪೇ ಆದರೂ, 'ಬಿಡಿ, ಅವಳನ್ನ ಬೈಬೇಡಿ' ಎಂಬ ಮಾತಾದರೂ ಅವರ ಬಾಯಿಂದ ಬರಬಾರದಿತ್ತೇ?

ಟೀಚರ್ ಫೋನು ಮಾಡಲಿಲ್ಲ. ಇವಳು ಪಾಠಕ್ಕೆ ಹೋಗಲಿಲ್ಲ. ಹೋಟೆಲಿನವರಿಗೆ ಕೈನೋವು ಎಂದು ಹೇಳಿದಳು. ಒಂದೆರಡು ವಾರ ಸರಿ, ಆಮೇಲೆ ಹಜಾರಕ್ಕೆ ಬೇರೆ ವ್ಯವಸ್ಥೆ ಮಾಡಬೇಕಾಗುತ್ತದೆ ಎಂದ ಮ್ಯಾನೇಜರ್. ಗಂಡ ನಸುಕಿನ ಹೆಚ್ಚುವರಿ ಪಾಳಿ ಹಿಡಿದ. ತಂತಿಯಿಲ್ಲದ ಹಾರ್ಪ್ ಹಲ್ಲುದುರಿದ ಬಾಯಿಯಂತೆ ಮೂಲೆಯಲ್ಲಿ ನಿಂತಿತ್ತು. ಈಗ ಎಳೆಯುವುದು ಏನೂ ಇಲ್ಲದಿದ್ದರೂ ಸೂಜಿಯಕ್ಕ ಸ್ಕೇಲು ಇಡುವುದನ್ನು ಬಿಡಲಿಲ್ಲ.

ತಂತಿ ಬಂದ ಮೇಲೂ ಹಾಕಲು ಧೈರ್ಯ ಬರದೆ ಕೆಲವು ದಿನ ಹೋಯಿತು. ಕೊನೆಗೊಂದು ಭಾನುವಾರ ಬೆಳಗ್ಗೆ ನೆಲದ ಮೇಲೆ ಬಟ್ಟೆ ಹಾಸಿ, ತಂತಿಗಳನ್ನು ಸಾಲಾಗಿ ಬಿಡಿಸಿಟ್ಟು ಕೂತಾಗ ಬಾಗಿಲ ಗಂಟೆ ಸದ್ದಾಯಿತು. ಟೀಚರ್! ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಗೋಡೆ ಹಿಡಿದು ನಿಂತಿದ್ದರು. ಈ ಮನೆಗೆ ಅವರು ಬಂದಿದ್ದು ಅದೇ ಮೊದಲು.

"ತಂತಿ ಬಂತು ಅಂತ ಅಂಗಡಿಯವನು ಹೇಳ್ದ" ಎಂದರು. "ಒಬ್ಬಳೇ ಹಾಕ್ಬೇಡ. ಹಲಗೆ ಮೇಲೆ ಒಬ್ಬರು ಕೈಯಿಟ್ಟಿರ್ಬೇಕು."

ಗಂಡ ಕುರ್ಚಿ ತಂದಿಟ್ಟು ಅಡಿಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಅವನಿಗೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಹಲಗೆ ಒಡೆಯುವ ಸದ್ದು ಕೇಳುವ ಧೈರ್ಯವಿರಲಿಲ್ಲ.

ಟೀಚರ್ ಹಲಗೆಯ ಉಬ್ಬಿನ ಮೇಲೆ ಅಂಗೈ ಇಟ್ಟು ಕೂತರು. ಸೂಜಿಯಕ್ಕ ನಡುವಿನ ತಂತಿಯಿಂದ ಶುರುಮಾಡಿ ಒಂದು ಇತ್ತ, ಒಂದು ಅತ್ತ ಎಂದು ಪೋಣಿಸಿದಳು. ಮೊದಲು ಸಡಿಲವಾಗಿ, ಆಮೇಲೆ ಕಾಲು ಸುತ್ತು, ಮತ್ತೆ ಕಾಲು ಸುತ್ತು. ಪ್ರತಿ ಸುತ್ತಿಗೂ ಉಸಿರು ಹಿಡಿದು ಟೀಚರ್ ಮುಖ ನೋಡುತ್ತಿದ್ದಳು. ಟೀಚರ್ ಅಂಗೈಯಲ್ಲೇ ಕೇಳಿಸಿಕೊಂಡು "ಹೂಂ" ಎಂದರೆ ಮುಂದಕ್ಕೆ. ಅರ್ಧ ಕೆಲಸ ಆಗಿರಬೇಕು, 'ಟಕ್' ಎಂದಿತು. ಸೂಜಿಯಕ್ಕ ಕಣ್ಣು ಮುಚ್ಚಿಕೊಂಡಳು. ಕೀಲಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಒಡೀತಾ?" ಒಳಗಿನಿಂದ ಗಂಡ ಕೂಗಿದ.

ಟೀಚರ್ ಹಲಗೆಯುದ್ದಕ್ಕೂ ಬೆರಳಾಡಿಸಿದರು. "ಇಲ್ಲ. ತಂತಿ ಬುಡದ ಗಂಟು ಕೂತಿದ್ದು, ಅಷ್ಟೇ. ಕೀಲಿ ತಗೋ."

ಬಿಸಿಲು ಕಿಟಕಿ ದಾಟಿ ಗೋಡೆಗೆ ಹೋದಾಗ ಕೊನೆಯ ತಂತಿ ಶ್ರುತಿಗೆ ಬಂತು. ಹಲಗೆ ನಿಂತಿತ್ತು. ಉಬ್ಬು ಇಳಿದಿರಲಿಲ್ಲ, ಹೆಚ್ಚೂ ಆಗಿರಲಿಲ್ಲ.

"ನುಡಿಸು" ಎಂದರು ಟೀಚರ್.

ನುಡಿಸಿದಳು. ಬೆರಳಿಗೆ ತಂತಿ ಸಿಕ್ಕಿದ್ದೇ ತಿಳಿಯಲಿಲ್ಲ, ಅಷ್ಟು ಸಣ್ಣ. ಹಳೆಯ ತುಂಬಿದ ದನಿ ಎಲ್ಲೂ ಇರಲಿಲ್ಲ. ಬಂದದ್ದು ಎಳೆಯ, ತಿಳಿಯಾದ, ಅವಳಿಗೆ ಪರಿಚಯವೇ ಇಲ್ಲದ ದನಿ. ಇದೇ ಇದರ ಸ್ವಂತ ದನಿ, ಇಷ್ಟು ವರ್ಷ ತಾನು ಕೇಳಿದ್ದು ಇದರ ನರಳಾಟ ಎಂದು ಅರ್ಥವಾಯಿತು. ಅರ್ಥವಾದರೂ ಆ ಹಳೆಯ ದನಿಗಾಗಿಯೇ ಮನಸ್ಸು ಅತ್ತಿತು. ಹೋಟೆಲಿನ ಹಜಾರದಲ್ಲಿ ತಲೆ ಎತ್ತಿ ಕೂತವಳು ಆ ದನಿಯವಳು.

"ಚೆನ್ನಾಗಿದೆ ಟೀಚರ್" ಎಂದಳು.

"ಸುಳ್ಳು ಹೇಳೋದು ನಿನಗೆ ಬರಲ್ಲ. ಅವತ್ತೂ ಬರ್ಲಿಲ್ಲ." ಟೀಚರ್ ಹಲಗೆಯ ಮೇಲಿನ ಕೈ ತೆಗೆದಿರಲಿಲ್ಲ. "ಆ ಮನುಷ್ಯ ಬೈತಾ ಇದ್ದ, ನಾನು ಸಕ್ಕರೆ ಕೇಳ್ತಾ ನಿಂತೆ. ನಲವತ್ತು ವರ್ಷದ ಹೆಸರು ಒಂದು ಮಾತಿಗೆ ಹೋಗುತ್ತೆ ಅಂತ ಹೆದರಿದೆ ಕಣೇ. ನೀವು ಹೋದ್ಮೇಲೆ ಅನ್ನ ಇಳೀಲಿಲ್ಲ ನನಗೆ."

ಟೀಚರ್ ಕೈಚೀಲದಿಂದ ಮಡಿಸಿದ ನೋಟುಗಳನ್ನು ತೆಗೆದು ಚಾಚಿದರು. "ತಂತಿಯ ದುಡ್ಡು. ಪೂರ್ತಿ ಇದೆ. ಬೇಡ ಅನ್ಬೇಡ."

ಬೇಡ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಬೇಡ ಎನ್ನುವುದು ಸುಲಭ, ಅದರಲ್ಲಿ ದೊಡ್ಡಸ್ತಿಕೆಯೂ ಇತ್ತು. ಸ್ವಲ್ಪ ಸೇಡೂ ಇತ್ತು ಎಂಬುದು ಅವಳಿಗೇ ಗೊತ್ತಾಯಿತು. ಚಾಚಿದ ಆ ಕೈಯನ್ನು ಹಾಗೇ ತಿರುಗಿಸಿ ಕಳಿಸಿದರೆ ಟೀಚರ್ ಈ ಮೆಟ್ಟಿಲು ಇಳಿದವರು ಮತ್ತೆ ಹತ್ತಲಾರರು. ವರ್ಷವರ್ಷವೂ ಅವರು ಕೊಟ್ಟದ್ದನ್ನು ನಾಚಿಕೆಯಿಲ್ಲದೆ ತೆಗೆದುಕೊಂಡವಳು ಈಗ ಇದನ್ನು ಬೇಡ ಎನ್ನುವುದು ಯಾವ ನ್ಯಾಯ?

ಅವಳು ನೋಟುಗಳನ್ನು ತೆಗೆದುಕೊಂಡು ಎಣಿಸಿ ಎರಡು ಪಾಲು ಮಾಡಿದಳು. ಒಂದು ಪಾಲನ್ನು ಟೀಚರ್ ಕೈಗೆ ವಾಪಸು ಇಟ್ಟು ಬೆರಳು ಮಡಚಿದಳು.

"ಅರ್ಧ ಸಾಕು ಟೀಚರ್. ತೆಳು ಬಟ್ಟೆಗೆ ದಪ್ಪ ದಾರ ಹಾಕ್ಬಾರದು ಅಂತ ನಿಮಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು."

ಟೀಚರ್ ಆ ಅರ್ಧವನ್ನು ಚೀಲದೊಳಗೆ ಹಾಕಿಕೊಂಡರು. ಗಂಡ ಬಾಗಿಲು ಸರಿಸಿ ಇಬ್ಬರನ್ನೂ ನೋಡಿ ಚಹಾಕ್ಕೆ ನೀರಿಟ್ಟ. ಹಲಗೆ ಎಷ್ಟು ದಿನ ತಡೆಯುತ್ತದೋ ಹೇಳುವವರು ಯಾರೂ ಇರಲಿಲ್ಲ. ಹೆಂಗಸರಿಬ್ಬರೂ ಅದಕ್ಕೆ ಕಿವಿಗೊಟ್ಟು ಕೂತರು.